ಅಮ್ಮನ ಫೋನ್‌ಗೆ ಡಾರ್ಕ್ ಮೋಡ್ ಇಡಲೋ, ತೆಗೆಯಲೋ?

ಅಮ್ಮನ ಫೋನ್‌ಗೆ ಡಾರ್ಕ್ ಮೋಡ್, ಅಂದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ, ಹಾಕಿಕೊಟ್ಟೆ. ಚಾರ್ಜ್ ಜಾಸ್ತಿ ಹೊತ್ತು ನಿಲ್ಲುತ್ತದೆ, ಕಣ್ಣಿಗೂ ಹಿತ ಅಂತ ಕೇಳಿದ್ದೆ. ಚಾರ್ಜ್ ಮೊದಲಿನಷ್ಟೇ ಬರುತ್ತಿದೆ. ಅಕ್ಷರ ಕಲಸಿದ ಹಾಗೆ ಕಾಣುತ್ತದೆ ಅಂತಾರೆ ಅಮ್ಮ. ಬಳಸಿದವರು ಹೇಳಿ.

ಉತ್ತರ 1
ಮೊದಲು ಸ್ಕ್ರೀನ್ ಯಾವುದು ನೋಡಿ. ಎಲ್‌ಸಿಡಿ ಆದರೆ ಕಪ್ಪು ತೋರಿಸುವಾಗಲೂ ಹಿಂದಿನ ಲೈಟ್ ಉರಿಯುತ್ತಲೇ ಇರುತ್ತದೆ, ಉಳಿತಾಯ ಇಲ್ಲವೆನ್ನುವಷ್ಟು ಕಡಿಮೆ. ಅಮೋಲೆಡ್‌ನಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ಅಪ್ಪಟ ಕಪ್ಪು ಅಂದರೆ ಆ ಚುಕ್ಕಿ ಆರಿದೆ ಅಂತ. ಆದರೂ ಬ್ರೈಟ್‌ನೆಸ್ ಎಷ್ಟಿದೆ ಅನ್ನುವುದು ಮುಖ್ಯ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಇಂಥ ಫೋನ್‌ಗಳನ್ನು ಅಳೆದು ನೋಡಿದ್ದರು. ಬ್ರೈಟ್‌ನೆಸ್ ಶೇ. 30ರಿಂದ 50 ಇದ್ದಾಗ ಸರಾಸರಿ ಉಳಿತಾಯ ಶೇ. 3ರಿಂದ 9 ಮಾತ್ರ. ಪೂರ್ತಿ ಏರಿಸಿದಾಗ ಶೇ. 39ರಿಂದ 47. ಪೂರ್ತಿ ಏರಿಸುವುದು ಬಿಸಿಲಿಗೆ ಹೋದಾಗ ತಾನೇ? ಆ ಬಿಸಿಲಲ್ಲಿ ಕಪ್ಪು ಸ್ಕ್ರೀನ್ ಕನ್ನಡಿಯಾಗಿ ನನ್ನ ಮುಖವನ್ನೇ ತೋರಿಸುತ್ತದೆ, ಓದಲಾಗುವುದಿಲ್ಲ. ಹಾಗಾಗಿ ಬ್ಯಾಟರಿಗೋಸ್ಕರ ಅಂತ ನಾನು ಹಾಕುವುದಿಲ್ಲ.

ಉತ್ತರ 2
ಅಮ್ಮನವರ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ನಂಬರ್ ಇದೆಯಾ ನೋಡಿ. ಇದ್ದರೆ ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ, ಇದೆ ಅಂತ. ನನಗಿದೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಬಂದರೆ ಅಂಚಿನಿಂದ ಬೆಳಕು ಚೆಲ್ಲಿದ ಹಾಗಾಗುತ್ತದೆ. ‘ರಾಷ್ಟ್ರ’ ಅಂತ ಬರೆದಿದ್ದರೆ ಷ ಕೆಳಗಿನ ಎರಡು ಒತ್ತೂ ಸೇರಿ ಒಂದೇ ಮುದ್ದೆ. ಇಂಗ್ಲಿಷ್ ಹೇಗೋ ಓದಿಬಿಡುತ್ತೇನೆ, ಕನ್ನಡದಲ್ಲಿ ಒತ್ತು ಹೋದರೆ ಪದವೇ ಹೋಯಿತು, ಅಲ್ವಾ? ಸ್ಕ್ರೀನ್ ಕಪ್ಪಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಆಗ ಕಣ್ಣಿನ ದೋಷ ಇನ್ನಷ್ಟು ಎದ್ದು ಕಾಣುತ್ತದೆ. ಕಡುಗಪ್ಪಿನ ಬದಲು ಗಾಢ ಬೂದು ಬಣ್ಣ ಇರುವ ಥೀಮ್ ಸಿಕ್ಕರೆ ಸ್ವಲ್ಪ ವಾಸಿ. ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಬೇರೆ: ಹಗಲು ಬಿಳಿ ಸ್ಕ್ರೀನ್, ಅಕ್ಷರ ಎರಡು ಹಂತ ದೊಡ್ಡದು, ಬ್ರೈಟ್‌ನೆಸ್ ಕೋಣೆಯ ಬೆಳಕಿಗೆ ತಕ್ಕಷ್ಟು. ರಾತ್ರಿ ದೀಪ ಆರಿಸಿದ ಮೇಲೆ ಮಾತ್ರ ಡಾರ್ಕ್, ಆಗ ಅದು ಹಿತವಾಗಿಯೇ ಇರುತ್ತದೆ. ಬಿಳಿ ಸ್ಕ್ರೀನಿನಲ್ಲೂ ಮಸುಕು ಅಂದರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬಂದರೂ ಹೀಗೇ ಕಾಣುತ್ತದೆ.

ಕೇಳಿದವರು
ತುಂಬಾ ಥ್ಯಾಂಕ್ಸ್. ಬಾಕ್ಸ್ ಹುಡುಕಿ ನೋಡಿದೆ, ಎಲ್‌ಸಿಡಿ. ಚೀಟಿಯಲ್ಲಿ ಸಿಲಿಂಡರೂ ಇದೆ! ಡಾರ್ಕ್ ತೆಗೆದು ಅಕ್ಷರ ದೊಡ್ಡದು ಮಾಡಿದೆ. ಒತ್ತು ಕಾಣುತ್ತಿದೆಯಂತೆ. ಆದರೆ ಚೀಟಿ ನಾಲ್ಕು ವರ್ಷ ಹಳೆಯದು, ಶನಿವಾರ ಕಣ್ಣು ತೋರಿಸಲು ಕರೆದುಕೊಂಡು ಹೋಗುತ್ತೇನೆ.