‘ಟ್ರೈಸೊಮಿ 16’ ಎಂಬ ರಿಪೋರ್ಟ್ ಕೈಗೆ ಬಂದಾಗ: ಜೆನೆಟಿಕ್ ಕೌನ್ಸೆಲರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯ ಸದಸ್ಯೆ): ನಮಸ್ಕಾರ ಮೇಡಂ. ನನಗೆ 36 ವರ್ಷ, ಐದು ವರ್ಷದ ಆರೋಗ್ಯವಂತ ಮಗನಿದ್ದಾನೆ. ಎರಡನೆಯ ಬಸಿರಿನಲ್ಲಿ ಒಂಬತ್ತನೆಯ ವಾರದ ಸ್ಕ್ಯಾನಿಂಗ್ ಮಾಡಿದಾಗ ಮಗುವಿನ ಹೃದಯ ಬಡಿತ ಕಾಣಲಿಲ್ಲ. ಡಿ ಅಂಡ್ ಸಿ (ಗರ್ಭಕೋಶವನ್ನು ಸ್ವಚ್ಛಗೊಳಿಸುವುದು) ಮಾಡಿ, ತೆಗೆದ ಅಂಶವನ್ನು ಪರೀಕ್ಷೆಗೆ ಕಳುಹಿಸಿದರು. ರಿಪೋರ್ಟಿನಲ್ಲಿ ‘ಟ್ರೈಸೊಮಿ 16’ ಎಂದು ಬಂದಿದೆ. ಏಳನೆಯ ವಾರದಲ್ಲಿ ಊರಿನ ಜಾತ್ರೆಗೆ ಬಸ್ಸಿನಲ್ಲಿ ಹೋಗಿದ್ದೆ, ಅದೇ ಕಾರಣ ಎಂದು ಅಜ್ಜಿ ಹೇಳುತ್ತಾರೆ. ನಾನು ಮದುವೆಯಾಗಿರುವುದು ಸೋದರಮಾವನನ್ನೇ, ಹಾಗಾಗಿ ಅಜ್ಜಿಯೇ ನನಗೆ ಅತ್ತೆ. ಉಳಿದವರು ಸಂಬಂಧದೊಳಗಿನ ಮದುವೆಯಿಂದ ಹೀಗಾಯಿತು ಎನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬೇಕಾಗಿಲ್ಲ. ಬಸ್ಸಿನ ವಿಷಯ ಮೊದಲು ಮುಗಿಸುತ್ತೇನೆ. ನೀವು ಜಾತ್ರೆಗೆ ಹೊರಟದ್ದು ಏಳನೆಯ ವಾರದಲ್ಲಿ. ಟ್ರೈಸೊಮಿ 16 ಎಂದರೆ 16ನೆಯ ವರ್ಣತಂತು (ಕ್ರೋಮೋಸೋಮ್) ಎರಡರ ಬದಲು ಮೂರಿರುವುದು. ಈ ದೋಷ ಉಂಟಾದದ್ದು ಬಹುಮಟ್ಟಿಗೆ ಗರ್ಭ ಕಟ್ಟುವುದಕ್ಕೂ ಮೊದಲೇ, ಅಂಡಾಣು ಪಕ್ವವಾಗುವ ಹೊತ್ತಿನಲ್ಲಿ. ಬಸ್ಸಿನ ಕುಲುಕಾಟಕ್ಕೆ ಒಂದು ವರ್ಣತಂತು ಹೆಚ್ಚಾಗುವುದಿಲ್ಲ, ಪರಂಗಿ ಹಣ್ಣಿಗೂ ಗ್ರಹಣದ ನೆರಳಿಗೂ ಆ ಶಕ್ತಿಯಿಲ್ಲ.

ನಮ್ಮ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳು, ಅಂದರೆ 23 ಜೋಡಿಗಳು ಇರುತ್ತವೆ. ಅಂಡಾಣುವಿಗೆ ಪ್ರತಿ ಜೋಡಿಯಿಂದ ಒಂದೊಂದು ಮಾತ್ರ ಹೋಗಬೇಕು. ಹೆಣ್ಣಿನ ಅಂಡಾಣುಗಳೆಲ್ಲ ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಂಡು, ಈ ವಿಭಜನೆಯನ್ನು ಆರಂಭಿಸಿ, ಅರ್ಧದಲ್ಲಿ ನಿಂತುಬಿಟ್ಟಿರುತ್ತವೆ. ಉಳಿದರ್ಧ ನಡೆಯುವುದು ದಶಕಗಳ ನಂತರ, ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ. ಅಂದರೆ ನಿಮ್ಮ ಈ ಅಂಡಾಣುವಿನೊಳಗೆ ವರ್ಣತಂತುಗಳ ಜೋಡಿಗಳು 36 ವರ್ಷ ಒಂದನ್ನೊಂದು ಹಿಡಿದುಕೊಂಡೇ ಕಾದಿದ್ದವು. ಅವುಗಳನ್ನು ಹಿಡಿದಿಡುವ ಪ್ರೋಟೀನಿನ ಬಳೆಗಳು ವಯಸ್ಸಾದಂತೆ ಸಡಿಲವಾಗುತ್ತವೆ, ಆಗ ಬೇರ್ಪಡುವ ಗಳಿಗೆಯಲ್ಲಿ ಒಂದು ಜೋಡಿ ಇಡಿಯಾಗಿ ಒಂದೇ ಕಡೆಗೆ ಸರಿದುಬಿಡಬಹುದು. ನಿಮ್ಮಲ್ಲಿ 16ನೆಯ ಜೋಡಿ ಹಾಗೆ ಸರಿದಿದೆ. ತಂದೆಯ ಕಡೆಯ ಇನ್ನೊಂದು ಬಂದು ಸೇರಿದಾಗ ಅದು ಮೂರಾಯಿತು, ಒಟ್ಟು ಎಣಿಕೆ 47 ಆಯಿತು.

ಮೊದಲ ಮೂರು ತಿಂಗಳಲ್ಲಿ ಕಳೆದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ಎಣಿಕೆಯಲ್ಲಿನ ಇಂಥ ದೋಷವೇ ಕಾರಣವಾಗಿರುತ್ತದೆ, ಮತ್ತು ಮೂರಾಗುವ ಬಗೆಯ ದೋಷಗಳಲ್ಲಿ ನಮ್ಮ ಕಣ್ಣಿಗೆ ಅತಿ ಹೆಚ್ಚು ಬೀಳುವುದು ಈ 16. ಎಲ್ಲ ಜೀವಕೋಶಗಳಲ್ಲೂ ಅದು ಮೂರಿದ್ದರೆ ಆ ಗರ್ಭ ದಿನ ತುಂಬುವವರೆಗೆ ಉಳಿಯುವುದಿಲ್ಲ. ವಿಶ್ರಾಂತಿ, ಪ್ರೊಜೆಸ್ಟರಾನ್ ಮಾತ್ರೆ, ಇಂಜೆಕ್ಷನ್ ಯಾವುದೂ ಅದನ್ನು ಉಳಿಸುತ್ತಿರಲಿಲ್ಲ.

ಇನ್ನು ಸೋದರಮಾವನ ಮದುವೆ. ಅಲ್ಲಿ ನಿಜವಾದ ಅಪಾಯ ಬೇರೆಯದು: ಗಂಡ ಹೆಂಡತಿ ಇಬ್ಬರೂ ಒಂದೇ ಹಿರಿಯರಿಂದ ಒಂದೇ ದೋಷವುಳ್ಳ ವಂಶವಾಹಿಯನ್ನು ಪಡೆದಿದ್ದರೆ ಮಗುವಿಗೆ ಅದರ ಎರಡು ಪ್ರತಿಗಳೂ ಸಿಕ್ಕಿ, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ, ಕೆಲವು ಬಗೆಯ ಕಿವುಡು, ಚಯಾಪಚಯದ ಕಾಯಿಲೆಗಳು ಬರಬಹುದು. ವರ್ಣತಂತುಗಳು ಎಣಿಕೆ ತಪ್ಪುವುದಕ್ಕೂ ರಕ್ತಸಂಬಂಧಕ್ಕೂ ನಂಟಿಲ್ಲ. ಸಂಬಂಧದೊಳಗೆ ಮದುವೆಯಾದವರಿಗೆ ಏನೇ ತೊಂದರೆ ಬಂದರೂ ಅದನ್ನೇ ಬೊಟ್ಟು ಮಾಡುವುದು ನಮ್ಮ ವೈದ್ಯರಲ್ಲೂ ಒಂದು ಚಾಳಿಯಾಗಿದೆ. ನನಗೆ ಅದು ಸರಿಯೆನಿಸುವುದಿಲ್ಲ.

ಅದೇ ಸದಸ್ಯೆ: ಹಾಗಾದರೆ ನಾವಿಬ್ಬರೂ ರಕ್ತಪರೀಕ್ಷೆ ಮಾಡಿಸಬೇಕೇ? ಮತ್ತೆ ಪ್ರಯತ್ನಿಸಲು ಎಷ್ಟು ಕಾಯಬೇಕು?

ಉತ್ತರ: ಇಂಥ ದೋಷ ಒಮ್ಮೆ ಕಂಡದ್ದಕ್ಕೆ ಗಂಡ ಹೆಂಡತಿಯ ಕ್ಯಾರಿಯೋಟೈಪ್ (ವರ್ಣತಂತುಗಳನ್ನು ಎಣಿಸಿ ನೋಡುವ) ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮುಂದಿನ ಬಸಿರಿನ ಅಪಾಯವನ್ನು ಹೆಚ್ಚಾಗಿ ನಿರ್ಧರಿಸುವುದು ನಿಮ್ಮ ವಯಸ್ಸು. ಗರ್ಭಪಾತವಾಗುವ ಸಾಧ್ಯತೆ ಮೂವತ್ತರೊಳಗಿನವರಲ್ಲಿ ಸುಮಾರು ಹತ್ತಕ್ಕೊಂದು, ನಲವತ್ತರ ಹೊತ್ತಿಗೆ ಮೂರಕ್ಕೊಂದರ ಸಮೀಪ. ನೀವು ಇವೆರಡರ ನಡುವೆ ಇದ್ದೀರಿ. ಆರು ತಿಂಗಳು ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಸಲಹೆ, ಆದರೆ ಅದಕ್ಕಿಂತ ಬೇಗ ಬಸಿರಾದವರಿಗೆ ತೊಂದರೆ ಹೆಚ್ಚಾಗಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿವೆ. ದಿನಗಳ ಲೆಕ್ಕ ಸಿಗಲು ಒಂದು ಮುಟ್ಟು ಕಳೆಯಲಿ. ಆಮೇಲಿನದು ನಿಮ್ಮ ಮನಸ್ಸು ಸಿದ್ಧವಾಗುವುದನ್ನು ಅವಲಂಬಿಸಿದೆ. ಫೋಲಿಕ್ ಆಸಿಡ್ ಈಗಲೇ ಆರಂಭಿಸಿ, ಆದರೆ ಅದು ತಡೆಯುವುದು ಮಗುವಿನ ಬೆನ್ನುಹುರಿಯ ದೋಷಗಳನ್ನು. ಟ್ರೈಸೊಮಿಯನ್ನು ತಡೆಯುವ ಮಾತ್ರೆ ಯಾವ ಅಂಗಡಿಯಲ್ಲೂ ಇಲ್ಲ. ಸಂಬಂಧದ ಮದುವೆಯಾದ್ದರಿಂದ, ಥಲಸ್ಸೀಮಿಯಾದ ರಕ್ತಪರೀಕ್ಷೆಯನ್ನು ಮೊದಲ ಬಸಿರಿನಲ್ಲಿ ಮಾಡಿಸಿರದಿದ್ದರೆ ಈಗ ಮಾಡಿಸಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಗರ್ಭಪಾತದ ನಂತರ ಪರೀಕ್ಷೆಗೆ ಕಳುಹಿಸಿದ ನಮ್ಮ ಮಾದರಿಯಲ್ಲಿ ‘ಕೋಶಗಳು ಬೆಳೆಯಲಿಲ್ಲ’ ಎಂದು ರಿಪೋರ್ಟ್ ಬಂತು. ಹಣವೂ ಹೋಯಿತು, ಉತ್ತರವೂ ಸಿಗಲಿಲ್ಲ. ಹೀಗೇಕೆ?

ಉತ್ತರ: ಮಾದರಿಯನ್ನು ಯಾವುದರಲ್ಲಿ ಹಾಕಿಕೊಟ್ಟಿದ್ದರು ಎಂದು ಆಸ್ಪತ್ರೆಯಲ್ಲಿ ಕೇಳಿ ನೋಡಿ. ಬಯಾಪ್ಸಿಗೆಂದು ಕಳುಹಿಸುವ ಅಭ್ಯಾಸದಿಂದ ಅದನ್ನು ಫಾರ್ಮಲಿನ್ ಬಾಟಲಿಗೆ ಹಾಕಿಬಿಡುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ, ಮತ್ತು ಪ್ರತಿ ಸಲವೂ ಬೇಸರವಾಗುತ್ತದೆ. ಕ್ಯಾರಿಯೋಟೈಪಿಗೆ ಜೀವಂತ ಕೋಶಗಳು ಬೇಕು, ಫಾರ್ಮಲಿನ್ ಅವುಗಳನ್ನು ಕ್ಷಣದಲ್ಲಿ ಕೊಲ್ಲುತ್ತದೆ. ಮಾದರಿಯನ್ನು ಶುದ್ಧವಾದ ಡಬ್ಬಿಯಲ್ಲಿ ನಾರ್ಮಲ್ ಸಲೈನ್ ಹಾಕಿ, ಸಾಧ್ಯವಾದರೆ ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ತಡವಾಗುವುದಾದರೆ ಫ್ರಿಜ್ಜಿನಲ್ಲಿ ಇಡಬಹುದು, ಫ್ರೀಜರಿನಲ್ಲಿ ಇಡಬಾರದು. ಗರ್ಭದಲ್ಲೇ ಕೋಶಗಳು ಸತ್ತು ಕೆಲವು ದಿನ ಕಳೆದಿದ್ದರೂ ಅವು ಬೆಳೆಯುವುದಿಲ್ಲ. ಆಗ ಡಿಎನ್‌ಎ ತೆಗೆದು ನೋಡುವ ಮೈಕ್ರೋಅರೇ ಪರೀಕ್ಷೆ ನೆರವಿಗೆ ಬರುತ್ತದೆ.

‘ಎಲ್ಲ ಸರಿಯಿದೆ, ಹೆಣ್ಣಿನ ವರ್ಣತಂತುಗಳು’ ಎಂದು ಬರುವ ರಿಪೋರ್ಟುಗಳ ಬಗ್ಗೆಯೂ ಒಂದು ಮಾತು. ಅವುಗಳಲ್ಲಿ ಕೆಲವು ತಾಯಿಯ ಗರ್ಭಕೋಶದ ಒಳಪದರದ ಕೋಶಗಳೇ ಬೆಳೆದು ಬಂದ ರಿಪೋರ್ಟುಗಳಾಗಿರುತ್ತವೆ. ಪ್ರಯೋಗಾಲಯದವರು ಮಾದರಿಯನ್ನು ನೀರಿನಂತಹ ದ್ರವದಲ್ಲಿ ತೇಲಿಸಿ, ಕೆರೆಯ ಪಾಚಿಯಂತೆ ಹರಡಿಕೊಳ್ಳುವ ಸಣ್ಣ ಬಿಳಿ ಎಳೆಗಳನ್ನು ಮಾತ್ರ ಸೂಜಿಯಿಂದ ಬಿಡಿಸಿಕೊಳ್ಳಬೇಕು. ಮಗುವಿನ ಕಡೆಯ ಅಂಶ ಆ ಎಳೆಗಳು. ಗುರುತು ಹಿಡಿಯುವುದರಲ್ಲಿ ತಪ್ಪಾದರೆ ಪರೀಕ್ಷೆಯಾಗುವುದು ನಿಮ್ಮದೇ ಕೋಶಗಳಿಗೆ. ಹೋಲಿಸಿ ನೋಡಲು ನಿಮ್ಮ ರಕ್ತವನ್ನೂ ತೆಗೆದುಕೊಂಡಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು.

ಪ್ರಶ್ನೆ (ಮೂರನೆಯ ಸದಸ್ಯೆ): ನಮಗೆ ಮೂರು ಸಲ ಗರ್ಭಪಾತವಾಗಿದೆ. ಯಜಮಾನರ ರಿಪೋರ್ಟಿನಲ್ಲಿ 45 ವರ್ಣತಂತುಗಳು, 13 ಮತ್ತು 14 ಅಂಟಿಕೊಂಡಿವೆ ಎಂದಿದೆ. ಅವರು ದಿನಕ್ಕೆ ಎಂಟು ಗಂಟೆ ಹೊಲದಲ್ಲಿ ದುಡಿಯುವ ಗಟ್ಟಿ ಆಳು. ಒಂದು ಕಡಿಮೆಯಿದ್ದರೂ ಅವರು ಹೇಗೆ ಚೆನ್ನಾಗಿದ್ದಾರೆ? ನಮಗೆ ಮಕ್ಕಳಾಗುವುದೇ ಇಲ್ಲವೇ?

ಉತ್ತರ: ಎಣಿಕೆಯಲ್ಲಿ ಒಂದು ಕಡಿಮೆಯೇ ಹೊರತು ಸರಕು ಕಡಿಮೆಯಾಗಿಲ್ಲ. ಎರಡು ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿದಂತೆ 13 ಮತ್ತು 14 ಒಟ್ಟಾಗಿವೆ. ಹೊಲಿಯುವಾಗ ಕಳೆದುಹೋದ ತುದಿಗಳಲ್ಲಿದ್ದ ವಂಶವಾಹಿಗಳ ಪ್ರತಿಗಳು ಬೇರೆ ವರ್ಣತಂತುಗಳಲ್ಲೂ ಇರುವುದರಿಂದ ಅವರಿಗೆ ಏನೂ ಆಗಿಲ್ಲ. (ಎಣಿಕೆಯನ್ನೇ ನೆಚ್ಚಿಕೊಳ್ಳಬೇಡಿ: ಮನುಷ್ಯನಿಗೆ ಇರುವುದು 46 ಎಂದು ಸರಿಯಾಗಿ ಎಣಿಸಿದ್ದೇ 1956ರಲ್ಲಿ, ಅಲ್ಲಿಯವರೆಗೆ ವಿಜ್ಞಾನಿಗಳು 48 ಎಂದುಕೊಂಡಿದ್ದರು.) ತೊಡಕು ಬರುವುದು ವೀರ್ಯಾಣು ಆಗುವಾಗ. ಜೋಡಿಸಿದ ಆ ವರ್ಣತಂತು ಒಂದೆಡೆಗೆ ಹೋದಾಗ ಅದರ ಜೊತೆಗೆ ಬಿಡಿಯಾದ 13 ಅಥವಾ 14 ಕೂಡ ಹೋದರೆ ಗರ್ಭದಲ್ಲಿ ಒಂದು ಹೆಚ್ಚಾಗುತ್ತದೆ, ಜೋಡಿಸಿದ್ದು ಬಾರದೆ ಬಿಡಿ 13 ಅಥವಾ 14ರಲ್ಲಿ ಒಂದು ಮಾತ್ರ ಹೋದರೆ ಒಂದು ಕೊರತೆಯಾಗುತ್ತದೆ. ಇಂಥ ಗರ್ಭಗಳು ಬಹುತೇಕ ಆರಂಭದಲ್ಲೇ ಕಳೆದುಹೋಗುತ್ತವೆ.

ಸುಮಾರು ಸಾವಿರ ಜನರಲ್ಲಿ ಒಬ್ಬರಲ್ಲಿ ಇಂಥ ಜೋಡಣೆಯಿರುತ್ತದೆ, ಅದರಲ್ಲಿ 13 ಮತ್ತು 14 ಕೂಡಿದ್ದೇ ಹೆಚ್ಚು. ಯಾವ ಚಿಕಿತ್ಸೆಯೂ ಇಲ್ಲದೆ ಪ್ರಯತ್ನ ಮುಂದುವರಿಸಿದ ದಂಪತಿಗಳಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಗು ಆಗುತ್ತದೆ. ಮತ್ತೊಮ್ಮೆ ಗರ್ಭಪಾತವಾಗುವ ಸಾಧ್ಯತೆ ಮಾತ್ರ ಉಳಿದವರಿಗಿಂತ ಹೆಚ್ಚು. ಬಸಿರಾದರೆ 11ರಿಂದ 13ನೆಯ ವಾರದೊಳಗೆ ಮಾಸಿನ (ಪ್ಲಸೆಂಟಾ) ಎಳೆಗಳ ಪರೀಕ್ಷೆ ಅಥವಾ 15 ವಾರ ದಾಟಿದ ಮೇಲೆ ಗರ್ಭನೀರಿನ ಪರೀಕ್ಷೆ ಮಾಡಿಸಬಹುದು. ಐವಿಎಫ್‌ನಲ್ಲಿ ಭ್ರೂಣಗಳನ್ನು ಪರೀಕ್ಷಿಸಿ ಆರಿಸುವ ದಾರಿಯೂ ಇದೆ, ಆದರೆ ಮೂರು ಸಲ ಆಗಿರುವ ನೋವಿನಲ್ಲಿ ಅದೊಂದೇ ದಾರಿ ಎಂದುಕೊಂಡು ಸಾಲ ಮಾಡಬೇಡಿ.

ಅದೇ ಸದಸ್ಯೆ: ನಾದಿನಿಗೆ ಈಗಷ್ಟೇ ಮದುವೆಯಾಗಿದೆ. ಅವಳಿಗೆ ಹೇಳಬೇಕೇ?

ಉತ್ತರ: ಹೇಳಬೇಕು, ಆದರೆ ನೀವು ಹೇಳುವುದಕ್ಕಿಂತ ಅವಳ ಅಣ್ಣನೇ ಹೇಳಲಿ. ಈ ಜೋಡಣೆ ಅತ್ತೆ ಮಾವಂದಿರಲ್ಲಿ ಒಬ್ಬರಿಂದ ಬಂದಿದ್ದರೆ ಅವಳಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆಗೆ ಬೇಕಾದದ್ದು ಕೆಲವು ಎಂಎಲ್ ರಕ್ತ, ಅದೂ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ. ನೇರಳೆ ಮುಚ್ಚಳದ್ದರಲ್ಲಿ ತೆಗೆಯಲು ಹೊರಟರೆ, ‘ಇದು ಕ್ಯಾರಿಯೋಟೈಪಿಗೆ’ ಎಂದು ಅವಳೇ ನೆನಪಿಸಲಿ.