ಚಿಕ್ಕಪ್ಪನ ಟ್ರಂಕಿನಲ್ಲಿ ಕಾರ್ಟೂನ್ ಚಿತ್ರಗಳ ಕಟ್ಟು: ಮಳೆ ಹಿಡಿಯುವ ಮುಂಚೆ ಏನು ಮಾಡಲಿ?

ಮೇಗರವಳ್ಳಿ_ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೇಗರವಳ್ಳಿ ಹತ್ತಿರ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಚಿಕ್ಕಪ್ಪ ಬಹಳ ವರ್ಷ ಮುಂಬೈಯಲ್ಲಿ ಕಾರ್ಟೂನ್ ಜಾಹೀರಾತು ಮಾಡುವ ಸ್ಟುಡಿಯೋ ಒಂದರಲ್ಲಿ ಇದ್ದರು. ಸಿನಿಮಾ ಶುರುವಾಗುವ ಮುಂಚೆ ತೋರಿಸುತ್ತಿದ್ದರಲ್ಲ, ಅಂಥವು. ಊರಿಗೆ ಬಂದಾಗ ಆ ಕೆಲಸದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಬರೀ ಅಡಿಕೆ ಕೊಯ್ಲಿನ ಮಾತು. ಈಗ ಅವರಿಲ್ಲ.

ಮಾಡಿನ ಹಂಚು ಬದಲಿಸಬೇಕೆಂದು ಅಟ್ಟ ಖಾಲಿ ಮಾಡಿದೆವು. ಅವರ ಕಬ್ಬಿಣದ ಟ್ರಂಕು ಕೆಳಗೆ ಬಂತು. ಒಳಗೆ ತೆಳು ಕಾಗದದ ದಪ್ಪ ಕಟ್ಟು. ಪ್ರತಿ ಹಾಳೆಯ ಅಂಚಿನಲ್ಲೂ ಮೂರು ತೂತು, ನಡುವಿನದು ಗುಂಡಗೆ, ಅಕ್ಕಪಕ್ಕದವು ಉದ್ದಕ್ಕೆ. ಎಲ್ಲದರಲ್ಲೂ ಅದೇ ಮನುಷ್ಯ. ಗಾಳಿಗೆ ತಿರುಗಿಕೊಂಡ ಕೊಡೆಯ ಜೊತೆ ಗುದ್ದಾಡುತ್ತಿದ್ದಾನೆ. ಪೆನ್ಸಿಲ್ ಗೆರೆ, ಕೆಲವು ಕಡೆ ಕೆಂಪು, ನೀಲಿ. ಮೂಲೆಯಲ್ಲಿ ನಂಬರ್. ಆದರೆ 1, 3, 5, 7 ಹೀಗೆ ಬೆಸ ಸಂಖ್ಯೆ ಮಾತ್ರ, 117ರವರೆಗೆ. ಅರ್ಧ ಹಾಳೆ ಕಳೆದುಹೋಗಿವೆಯಾ ಅಂತ ಬೇಜಾರು.

ಅದರ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳು. ಮುಂದೆ ಕಪ್ಪು ಗೆರೆ, ಹಿಂದೆ ಬಣ್ಣ. ಕೆಲವು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಲಕೋಟೆ ತೆಗೆದರೆ ಉಪ್ಪಿನಕಾಯಿಗೆ ಹಾಕುವ ವಿನೆಗರ್ ಥರ ಹುಳಿ ವಾಸನೆ. ಇನ್ನೊಂದು ಉದ್ದನೆಯ ಹಾಳೆಯಲ್ಲಿ ಬರೀ ಗೆರೆ, ಕಾಲಂ, ಅಂಕಿ.

ಅಣ್ಣನ ಯೋಜನೆ ಹೀಗಿದೆ. ಚೆನ್ನಾಗಿರುವ ಮೂರು ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಶಿವಮೊಗ್ಗದಲ್ಲಿ ಲ್ಯಾಮಿನೇಶನ್ ಮಾಡಿಸಿ ಹಾಲ್‌ನ ಗೋಡೆಗೆ ಹಾಕುವುದು. ಪೆನ್ಸಿಲ್ ಕಾಗದ ಬಚ್ಚಲ ಒಲೆಗೆ. ಅವನ ಮಗ ಬೇರೆ "ಇದಕ್ಕೆ ಲಕ್ಷ ಲಕ್ಷ ಬರುತ್ತೆ" ಅಂತ ಮೊಬೈಲ್ ತೋರಿಸುತ್ತಾನೆ. ಗೊತ್ತಿದ್ದವರು ಹೇಳಿ.

ಬಣ್ಣದ_ಡಬ್ಬಿ (ಸಾಗರ):

ಮೊದಲು ಅಣ್ಣನ ಕೈಯಿಂದ ಆ ಕಾಗದ ತೆಗೆದಿಡಿ. ಬಚ್ಚಲ ಒಲೆಗೆ ಅಡಿಕೆ ಹಾಳೆ, ಸೋಗೆ ಬೇಕಾದಷ್ಟು ಇದೆಯಲ್ಲ.

ನಾನೂ ಮುಂಬೈಯಲ್ಲಿ ಇದೇ ಕೆಲಸದಲ್ಲಿ ಇದ್ದವನು, ಬಣ್ಣ ತುಂಬುವ ವಿಭಾಗ. ನಿಮ್ಮ ಚಿಕ್ಕಪ್ಪ ಯಾವ ಸ್ಟುಡಿಯೋ ಅಂತ ಕೇಳುವುದಿಲ್ಲ. ಆದರೆ ಕೊಡೆಯವನ ವಿಷಯ ಓದಿ ಖುಷಿಯಾಯಿತು.

ಹಾಳೆ ಕಳೆದಿಲ್ಲ, ನೆಮ್ಮದಿಯಾಗಿರಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆಯುತ್ತಾ ಕೂತರೆ ಜೀವನ ಮುಗಿಯುತ್ತೆ. ಅದಕ್ಕೆ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿಯುತ್ತಾರೆ. ನಾವು "ಟೂಸ್" ಅನ್ನುತ್ತಿದ್ದೆವು. ಹಾಳೆಗೆ ಹಾಕುವ ನಂಬರ್ ಫ್ರೇಮಿನದ್ದು, ಹಾಗಾಗಿ 1 ಆದ ಮೇಲೆ 3, ಆಮೇಲೆ 5. ನಿಮ್ಮದು 117ಕ್ಕೆ ಮುಗಿದರೆ 118 ಫ್ರೇಮ್, ಅಂದರೆ ಐದು ಸೆಕೆಂಡಿಗೆ ಚೂರು ಕಮ್ಮಿ. ಚಿತ್ರ 59 ಇರಬೇಕು, ಎಣಿಸಿ ನೋಡಿ. ಜಾಸ್ತಿ ಇದ್ದರೆ ಅವಸರದ ಚಲನೆ ಇರುವ ಕಡೆ "ಒನ್ಸ್", ಅಂದರೆ ಫ್ರೇಮಿಗೊಂದು ಚಿತ್ರ, ಮಾಡಿದ್ದಾರೆ ಅಂತ, ಅಲ್ಲಿ ಸಮ ಸಂಖ್ಯೆಯೂ ಸಿಗುತ್ತೆ.

ಈ ಪದ್ಧತಿ ನಮ್ಮಲ್ಲಿಗೆ ಬಂದ ದಾರಿಯೂ ಸ್ವಾರಸ್ಯ. ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬವರು 1956ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಜನ್‌ಗೆ, ಅಂದರೆ ಸರ್ಕಾರದ ಚಿತ್ರ ತಯಾರಿಕಾ ಸಂಸ್ಥೆಗೆ, ಬಂದು ನಮ್ಮ ಹುಡುಗರಿಗೆ ಕಲಿಸಿದರು. ಮುಂದೆ ಹೆಸರಾಂತ ಅನಿಮೇಟರ್ ಆದ ರಾಮ್ ಮೋಹನ್ ಆ ಮೊದಲ ತಂಡದಲ್ಲಿ ಇದ್ದರು. ಅಲ್ಲಿಂದ ವಿದ್ಯೆ ಮುಂಬೈಯ ಜಾಹೀರಾತು ಸ್ಟುಡಿಯೋಗಳಿಗೆ ಹರಿಯಿತು.

ಈಗ ಹಾಳೆಗಳನ್ನು ಸರಿಯಾಗಿ ನೋಡಿ. ಕೆಲವು ನಂಬರ್ ಸುತ್ತ ವೃತ್ತ ಇದೆಯಾ? ಅವು ಕೀ ಡ್ರಾಯಿಂಗ್, ಅನಿಮೇಟರ್ ತನ್ನ ಕೈಯಿಂದ ಬರೆದ ಮುಖ್ಯ ಭಂಗಿ. ನಂಬರ್ ಕೆಳಗೆ ಗೆರೆ ಇದ್ದರೆ ಬ್ರೇಕ್‌ಡೌನ್, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ತೋರಿಸುವ ಚಿತ್ರ. ಏನೂ ಇಲ್ಲದವು ನಡುವಿನ ಚಿತ್ರ, ಕಿರಿಯ ಕಲಾವಿದರು ಬರೆಯುತ್ತಿದ್ದುದು. ಕೀ ಹಾಳೆಯ ಅಂಚಿನಲ್ಲಿ ಏಣಿಯಂಥ ಒಂದು ಗುರುತು ಇರುತ್ತೆ. ಮೆಟ್ಟಿಲು ಒತ್ತೊತ್ತಾಗಿದ್ದ ಕಡೆ ಚಲನೆ ನಿಧಾನ, ದೂರ ದೂರ ಇದ್ದ ಕಡೆ ಬೇಗ. ಕೊಡೆ ಫಟ್ಟಂತ ತಿರುಗುವ ಜಾಗದಲ್ಲಿ ಆ ಏಣಿ ಹೇಗಿದೆ ನೋಡಿ. ಚಿಕ್ಕಪ್ಪ ಕೀ ಬರೆಯುತ್ತಿದ್ದರಾ, ನಡುವಿನವರಾ ಅಂತ ಅಲ್ಲೇ ಗೊತ್ತಾಗುತ್ತೆ.

ಪ್ಲಾಸ್ಟಿಕ್ಕಿನದು ಸೆಲ್. ಪೆನ್ಸಿಲ್ ಚಿತ್ರದ ಮೇಲೆ ಇಟ್ಟು ಮುಂದೆ ಶಾಯಿಯಲ್ಲಿ ತಿದ್ದುವುದು, ತಿರುಗಿಸಿ ಹಿಂದೆ ಬಣ್ಣ ತುಂಬುವುದು. ಹಿಂದೆ ತುಂಬಿದರೆ ಮುಂದಿನಿಂದ ಬ್ರಶ್ಶಿನ ಗುರುತು ಕಾಣಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಸೆಲ್ ಅಂದರೆ ನಕಲು. ಜೀವ ಇರುವುದು ಪೆನ್ಸಿಲ್ ಹಾಳೆಯಲ್ಲಿ. ಬಣ್ಣ ತುಂಬಿದವನೇ ಹೇಳುತ್ತಿದ್ದೇನೆ, ನಂಬಿ.

ಆ ಕಾಲಂ ಹಾಳೆ ಎಕ್ಸ್‌ಪೋಷರ್ ಶೀಟ್. ಯಾವ ಫ್ರೇಮಿಗೆ ಯಾವ ಚಿತ್ರ, ಯಾವ ಪದರದಲ್ಲಿ, ಕ್ಯಾಮೆರಾ ಏನು ಮಾಡಬೇಕು, ಎಲ್ಲ ಅದರಲ್ಲಿದೆ. ಅದು ಹೋದರೆ ಉಳಿದದ್ದನ್ನು ಜೋಡಿಸುವುದು ಕಷ್ಟ.

ಹುಳಿ ವಾಸನೆಯದು ಮಾತ್ರ ಗಂಭೀರ. ಆ ಕಾಲದ ಸೆಲ್ ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನದು. ಶಾಖ, ತೇವ ಸೇರಿದರೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತೆ, ವಿನೆಗರ್‌ನಲ್ಲಿ ಇರುವುದೂ ಅದೇ. ಬಿಟ್ಟ ಆಮ್ಲ ಅಲ್ಲೇ ನಿಂತರೆ ಒಡೆಯುವುದು ಇನ್ನೂ ಜೋರಾಗುತ್ತೆ, ಪಕ್ಕದವಕ್ಕೂ ತಗಲುತ್ತೆ. ಆ ಲಕೋಟೆಯನ್ನು ಇವತ್ತೇ ಬೇರೆ ಮಾಡಿ. ಟ್ರಂಕಿನ ಮುಚ್ಚಳ ಬಿಗಿಯಾಗಿ ಹಾಕಬೇಡಿ. ಅಂಟಿಕೊಂಡವನ್ನು ಎಳೆದು ಬಿಡಿಸಬೇಡಿ, ಬಣ್ಣ ಕಿತ್ತು ಬರುತ್ತೆ.

ಕೆಳದಿ_ಕಡೆಯವ:

ನಮ್ಮ ಕಡೆ ಓಲೆಗರಿಗೆ ಹುಲ್ಲೆಣ್ಣೆ ಸವರುವುದು ಹಳೆಯ ಕ್ರಮ. ಕೆಳದಿ ಮ್ಯೂಸಿಯಂನಲ್ಲಿ ಎಷ್ಟೊಂದು ಓಲೆಗರಿ ಇವೆ, ನೋಡಿರಬಹುದು. ಹುಳ ಬರಲ್ಲ, ಗರಿ ಮೆದುವಾಗಿರುತ್ತೆ. ಇದಕ್ಕೂ ತೆಳ್ಳಗೆ ಸವರಿದರೆ ಆಗಲ್ವಾ? ಇಲ್ಲದಿದ್ದರೆ ನಾಲ್ಕು ನುಸಿಗುಳಿಗೆ, ಸ್ವಲ್ಪ ಕರ್ಪೂರ ಹಾಕಿಡಿ.

ಬಣ್ಣದ_ಡಬ್ಬಿ (ಸಾಗರ):

ಅಯ್ಯೋ ಬೇಡ ಮಾರಾಯ್ರೆ. ಓಲೆಗರಿ ಗಿಡದ್ದು, ಎಣ್ಣೆ ತಡೆಯುತ್ತೆ. ಪೆನ್ಸಿಲ್ ಕಾಗದಕ್ಕೆ ಎಣ್ಣೆ ಬಿದ್ದರೆ ಕಲೆ, ಸೆಲ್ ಬಣ್ಣದ ಮೇಲೆ ಬಿದ್ದರೆ ಕೇಳಲೇಬೇಡಿ. ನುಸಿಗುಳಿಗೆ, ಕರ್ಪೂರದ ಆವಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತೆ. ಮೊದಮೊದಲಿನ ಸೆಲ್ಯುಲಾಯ್ಡ್ ಪ್ಲಾಸ್ಟಿಕ್ ಮಾಡುತ್ತಿದ್ದುದೇ ಸೆಲ್ಯುಲೋಸ್ ನೈಟ್ರೇಟ್‌ಗೆ ಕರ್ಪೂರ ಬೆರೆಸಿ. ಅಂಥ ನೈಟ್ರೇಟ್ ಸೆಲ್ ತುಂಬಾ ಬೇಗ ಬೆಂಕಿ ಹಿಡಿಯುತ್ತೆ. ಇವರದ್ದು ಅಷ್ಟು ಹಳೆಯದಲ್ಲ. ಆದರೂ ಯಾರಾದರೂ "ಮೂಲೆ ಕತ್ತರಿಸಿ ಸುಟ್ಟು ಪರೀಕ್ಷೆ ಮಾಡು" ಅಂದರೆ ಕೇಳಬೇಡಿ.

ರೇಖೆ (ಭದ್ರಾವತಿ, ಈಗ ಬೆಂಗಳೂರು):

ನಾನು ಕಂಪ್ಯೂಟರಿನಲ್ಲಿ ಅನಿಮೇಶನ್ ಮಾಡುವವಳು, ಸೆಲ್ ಕಾಲ ನೋಡಿಲ್ಲ. ಆದರೂ ಬಣ್ಣದ ಡಬ್ಬಿಯವರು "ಸೆಲ್ ಅಂದರೆ ನಕಲು" ಅಂದದ್ದನ್ನು ಒಪ್ಪಲ್ಲ.

ಕ್ಯಾಮೆರಾ ಕೆಳಗೆ ಹೋದದ್ದು ಸೆಲ್. ಪ್ರೇಕ್ಷಕರು ನೋಡಿದ್ದು ಸೆಲ್. ಪೆನ್ಸಿಲ್ ಹಾಳೆಯನ್ನು ಪರದೆ ಮೇಲೆ ಯಾರು ನೋಡಿದ್ದಾರೆ? 1937ರ ಸ್ನೋ ವೈಟ್ ಹೊತ್ತಿನಲ್ಲಿ ಡಿಸ್ನಿಯಲ್ಲಿ ಶಾಯಿ, ಬಣ್ಣದ ಕೆಲಸ ಮಾಡಿದವರು ಹೆಚ್ಚಿನವರು ಹೆಂಗಸರು. ಕೆನ್ನೆಗೆ ಒಂದು ಬಣ್ಣದ ಗೆರೆ, ಬಟ್ಟೆಗೆ ಇನ್ನೊಂದು ಬಣ್ಣದ್ದು, ದಪ್ಪದಿಂದ ಶುರುವಾಗಿ ಕೂದಲೆಳೆಯಾಗಿ ಮುಗಿಯಬೇಕು, ಕೈ ನಡುಗುವ ಹಾಗಿಲ್ಲ. ಇನ್ನೂ ಒಂದು ಕಷ್ಟ ಇತ್ತು. ಸೆಲ್ ಪೂರ್ತಿ ಪಾರದರ್ಶಕ ಅಲ್ಲ. ಮೇಲೆ ಮೇಲೆ ಪದರ ಇಟ್ಟಂತೆ ಅಡಿಯ ಬಣ್ಣ ಮಂಕಾಗುತ್ತೆ. ಅದಕ್ಕೆ ಅದೇ ಕೆಂಪು ಅಂಗಿಗೆ ಪದರ ನೋಡಿಕೊಂಡು ಬೇರೆ ಬೇರೆ ಕೆಂಪು ಹಾಕಬೇಕಿತ್ತು. ಇದನ್ನು ನಕಲು ಅಂದರೆ ಹೇಗೆ?

1961ರ ನೂರೊಂದು ಡಾಲ್ಮೇಷಿಯನ್ ಚಿತ್ರದಲ್ಲಿ ಝೆರಾಕ್ಸ್ ಯಂತ್ರದಿಂದ ಪೆನ್ಸಿಲ್ ಗೆರೆಯನ್ನೇ ಸೆಲ್ ಮೇಲೆ ಒತ್ತಿದರು. ಅನಿಮೇಟರ್‌ಗಳಿಗೆ ಖುಷಿ, ತಮ್ಮ ಗೆರೆ ಹಾಗೇ ಬಂತು ಅಂತ. ಶಾಯಿ ಹಾಕುವವರ ಕೆಲಸ ಹೋಯಿತು. ಹಳೆಯ ಚಿತ್ರಗಳ ಮೆದು ಗೆರೆ ಆಮೇಲೆ ಕಾಣುವುದಿಲ್ಲ, ನೋಡಿ ಹೇಳಿ.

ಬಣ್ಣದ_ಡಬ್ಬಿ (ಸಾಗರ):

ರೇಖೆಯವರೇ, ಪದರದ ಕೆಂಪಿನ ವಿಷಯ ನೂರಕ್ಕೆ ನೂರು ಸರಿ. ನಮ್ಮಲ್ಲಿ ಡಬ್ಬಿಯ ಮೇಲೆ ಪದರದ ಅಂಕಿ ಬರೆದಿಟ್ಟಿರುತ್ತಿದ್ದರು. ಆದರೂ ಈ ಮನೆಯವರಿಗೆ ನನ್ನ ಸಲಹೆ ಅದೇ. ಮೂರು ಸೆಲ್ ಗೋಡೆಗೆ ಹೋಗಿ ಪೆನ್ಸಿಲ್ ಕಟ್ಟು ಒಲೆಗೆ ಹೋಗುವ ಹೊತ್ತಿನಲ್ಲಿ ಪೆನ್ಸಿಲ್ ಪರ ಮಾತಾಡುವವರು ಬೇಕಲ್ಲ.

ಲಕ್ಷದ ವಿಷಯ. ದುಡ್ಡು ಬರುವುದು ಚಿತ್ರದ ಹೆಸರಿಗೆ, ಪಾತ್ರಕ್ಕೆ, ಜೊತೆಗೆ ಅದೇ ದೃಶ್ಯದ ಹಿನ್ನೆಲೆ ಚಿತ್ರ ಇದೆಯಾ ಅನ್ನುವುದಕ್ಕೆ. ಡಿಸ್ನಿ ಸೆಲ್‌ಗಳನ್ನು 1938ರಿಂದ ಸ್ಯಾನ್ ಫ್ರಾನ್ಸಿಸ್ಕೋದ ಕೂರ್ವಾಸಿಯೇ ಗ್ಯಾಲರಿ ಮಾರಲು ಶುರು ಮಾಡಿತು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ ಅಲ್ಲಿನ ಅಂಗಡಿಯಲ್ಲಿ ಒಂದೆರಡು ಡಾಲರಿಗೆ ಕೊಡುತ್ತಿದ್ದರು. ಅವೇ ಈಗ ಸಾವಿರಾರು ಡಾಲರ್. ಅಲ್ಲಿ ಸೆಲ್ ಕಾಲವೂ ಮುಗಿಯಿತು. 1989ರ ಲಿಟಲ್ ಮರ್ಮೇಡ್ ಆದ ಮೇಲೆ ಡಿಸ್ನಿ ದೊಡ್ಡ ಚಿತ್ರಗಳ ಬಣ್ಣ ಕಂಪ್ಯೂಟರಿಗೆ ಹೋಯಿತು. ಕೊಡೆಯವನಿಗೆ ಆ ಬೆಲೆ ಬರಲ್ಲ. ಮಗನಿಗೆ ಇದನ್ನೂ ಹೇಳಿ, ಆನ್‌ಲೈನಲ್ಲಿ "ಒರಿಜಿನಲ್ ಸೆಲ್" ಅಂತ ಮಾರುವ ಎಷ್ಟೋ ಹಾಳೆ ಸೆರಿಸೆಲ್. ಪ್ರೆಸ್ಸಿನಲ್ಲಿ ಒತ್ತಿದ್ದು, ಯಾವ ಕ್ಯಾಮೆರಾದ ಕೆಳಗೂ ಕೂತಿಲ್ಲ. ಹಿಂದೆ ತಿರುಗಿಸಿದರೆ ಕೈ ಬಣ್ಣದ ಏರುತಗ್ಗು ಇರಲ್ಲ, ಮೂಲೆಯಲ್ಲಿ ದೃಶ್ಯದ ನಂಬರೂ ಇರಲ್ಲ.

ಕೋಟೆ_ರಸ್ತೆ_ಫ್ರೇಮ್ (ಶಿವಮೊಗ್ಗ):

ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ನಾನು ಫ್ರೇಮ್ ಅಂಗಡಿಯವನು, ಲ್ಯಾಮಿನೇಶನ್ ಮೆಷಿನ್ನೂ ಇದೆ, ಆದರೂ ಹೇಳ್ತೀನಿ. ಬಿಸಿ ರೋಲರ್ ಒಳಗೆ ಹೋದರೆ ಆ ಪ್ಲಾಸ್ಟಿಕ್ ಅಲೆ ಅಲೆಯಾಗಿ ಹೊರಗೆ ಬರುತ್ತೆ. ವಾಪಸ್ ತೆಗೆಯುವುದಕ್ಕೂ ಆಗಲ್ಲ. ಜನ ಅಜ್ಜನ ಜಾತಕ, ಜಮೀನಿನ ಪತ್ರ, ಎಲ್ಲ ಲ್ಯಾಮಿನೇಶನ್‌ಗೆ ತರ್ತಾರೆ, ಬೇಡ ಅಂದರೆ ಪಕ್ಕದ ಅಂಗಡಿಗೆ ಹೋಗ್ತಾರೆ.

ಫ್ರೇಮ್ ಮಾಡಿಸಿದರೂ ಗಾಜು ಸೆಲ್‌ಗೆ ತಾಗಬಾರದು. ನಡುವೆ ದಪ್ಪ ಮೌಂಟ್ ಬೋರ್ಡ್ ಇಡಿಸಿ, ಆಸಿಡ್ ಇಲ್ಲದ್ದೇ ಆಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಹಿಂದೆ ಹಾಕುವ ಹಾರ್ಡ್‌ಬೋರ್ಡ್ ಮಳೆಗಾಲದಲ್ಲಿ ನೀರು ಕುಡಿದ ಹಾಗೆ ಉಬ್ಬುತ್ತೆ. ಹೊರಗೋಡೆಗೆ ನೇತುಹಾಕಬೇಡಿ, ಒಳಗೋಡೆ ನೋಡಿ. ಬಿಸಿಲು ಬೀಳುವ ಜಾಗವೂ ಬೇಡ. ನನ್ನ ಕೇಳಿದರೆ ಸೆಲ್‌ನ ಒಳ್ಳೆ ಫೋಟೋ ತೆಗೆಸಿ ಪ್ರಿಂಟ್ ಮಾಡಿಸಿ ಅದನ್ನೇ ಹಾಕಿ. ಅಣ್ಣನಿಗೂ ಸಮಾಧಾನ, ನನಗೂ ವ್ಯಾಪಾರ.

ಮೇಗರವಳ್ಳಿ_ಮನೆ:

ಎಲ್ಲರಿಗೂ ಥ್ಯಾಂಕ್ಸ್. ಎಣಿಸಿದೆ, 59 ಅಲ್ಲ, 63. ಬಣ್ಣದ ಡಬ್ಬಿಯವರು ಹೇಳಿದ ಹಾಗೆ ಕೊಡೆ ತಿರುಗುವ ಜಾಗದಲ್ಲಿ 62, 64, 66, 68 ಸಿಕ್ಕವು! ಬೆಸ ಸಂಖ್ಯೆ ನೋಡುವ ಗಡಿಬಿಡಿಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ವೃತ್ತ ಹಾಕಿದ ನಂಬರುಗಳ ಕೈಬರಹ ಚಿಕ್ಕಪ್ಪನ ಕಾಗದಗಳ ಕೈಬರಹಕ್ಕೆ ಸರಿಹೋಗುತ್ತೆ. 4 ಬರೆಯುವ ರೀತಿ ಅವರದ್ದೇ. ಅಣ್ಣನೂ ನೋಡಿದ. ಒಲೆಯ ಮಾತು ಸದ್ಯಕ್ಕೆ ನಿಂತಿದೆ.

ಮಗ ಹಾಳೆಗಳನ್ನು ಫೋಟೋ ತೆಗೆದು ಮೊಬೈಲಲ್ಲಿ ಓಡಿಸಿದ. ಆದರೆ ಮನುಷ್ಯ ಭೂಕಂಪ ಆದ ಹಾಗೆ ಅಲುಗಾಡುತ್ತಾನೆ. ಏನು ಮಾಡುವುದು? ಇನ್ನೊಂದು, ಇಲ್ಲಿ ಜೂನ್‌ನಿಂದ ಗೋಡೆಯೇ ಬೆವರುತ್ತೆ, ಚಪ್ಪಲಿಗೂ ಬೂಸ್ಟು. ಎಲ್ಲಿ ಇಡಲಿ? ಸೆಲ್ ಬಣ್ಣ ಕೆಲವು ಕಡೆ ಚಕ್ಕೆ ಎದ್ದಿದೆ, ಅದಕ್ಕೆ ಗೋಂದು ಹಾಕಬಹುದಾ?

ಬಣ್ಣದ_ಡಬ್ಬಿ (ಸಾಗರ):

ಗೋಂದು ಬೇಡ. ಲಾಸ್ ಏಂಜಲೀಸ್‌ನ ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು ಡಿಸ್ನಿ ಸೆಲ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಎದ್ದ ಬಣ್ಣವನ್ನು ಅಳೆದು ಕೊಟ್ಟ ತೇವದಿಂದಲೇ ಮತ್ತೆ ಕೂರಿಸಬಹುದು ಅಂತ ಕಂಡುಕೊಂಡರು. ಹಾಗಂತ ನಮ್ಮ ಮಳೆಗಾಲದ ಗಾಳಿಗೆ ಇಟ್ಟು ಪ್ರಯೋಗ ಮಾಡಬೇಡಿ! ಅಂಗಾತ ಮಲಗಿಸಿಡಿ, ಬಣ್ಣದ ಕಡೆ ಮೇಲೆ. ಒಂದರ ಮೇಲೊಂದು ಭಾರ ಹಾಕಬೇಡಿ. ನಡುವೆ ಸಿಲಿಕೋನ್ ಲೇಪದ ಕಾಗದ, ಬೇಕರಿಯವರು ಬಳಸುತ್ತಾರಲ್ಲ, ಅದು. ನ್ಯೂಸ್‌ಪೇಪರ್ ಬೇಡವೇ ಬೇಡ.

ಜಾಗ: ಅಟ್ಟಕ್ಕೆ ಮತ್ತೆ ಏರಿಸಬೇಡಿ. ಬೇಸಿಗೆಯಲ್ಲಿ ಹಂಚಿನ ಶಾಖ, ಕೆಳಗಿನಿಂದ ಒಲೆ ಶಾಖ, ಹುಳಿ ವಾಸನೆ ಬಂದದ್ದೇ ಅದರಿಂದ ಇರಬೇಕು. ಮನೆಯ ನಡುವಿನ ಕೋಣೆ, ಮರದ ಕಪಾಟು, ನೆಲದಿಂದ ಮೇಲೆ, ಗೋಡೆಗೆ ತಾಗದ ಹಾಗೆ. ಕಪಾಟಿನೊಳಗೆ ತೇವ ತೋರಿಸುವ ಚಿಕ್ಕ ಮೀಟರ್ ಇಡಿ. ಮೀಟರ್ ಶೇಕಡಾ 40ರಿಂದ 50ರೊಳಗೆ ನಿಂತರೆ ಒಳ್ಳೆಯದು. ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ, ಹರಳಿನ ಬಣ್ಣ ಬದಲಾದಾಗ ಹರಳನ್ನು ಬಿಸಿ ಮಾಡಿ ಮತ್ತೆ ಬಳಸಿ. ಕಪಾಟನ್ನು ಅತಿಯಾಗಿ ಒಣಗಿಸಲೂಬೇಡಿ, ಸೆಲ್ ಬಣ್ಣ ಇನ್ನಷ್ಟು ಚಕ್ಕೆ ಏಳುತ್ತೆ. ಜುಲೈ, ಆಗಸ್ಟ್‌ನಲ್ಲಿ ಆಗುಂಬೆ ಬದಿಯಲ್ಲಿ ಇದು ಆಗದ ಮಾತು ಅನ್ನಿಸಿದರೆ ಆ ಎರಡು ತಿಂಗಳಿಗೆ ಶಿವಮೊಗ್ಗದ ನೆಂಟರ ಮನೆಗೆ ಸಾಗಿಸಿ. ಹುಳಿ ಲಕೋಟೆ ಮಾತ್ರ ಬೇರೆ ಚೀಲದಲ್ಲಿ.

ಭೂಕಂಪಕ್ಕೆ ಮದ್ದು ಆ ಮೂರು ತೂತು. ಬಡಗಿಯ ಹತ್ತಿರ ಒಂದು ಪಟ್ಟಿ ಮಾಡಿಸಿ, ನಡುವೆ ಗುಂಡು ಗೂಟ, ಎರಡು ಬದಿ ಚಪ್ಪಟೆ ಗೂಟ, ಹಾಳೆಯ ತೂತಿಗೆ ಸಡಿಲವಾಗಿ ಕೂರಬೇಕು. ಪಟ್ಟಿಯನ್ನು ಮೇಜಿಗೆ ಬಿಗಿ ಮಾಡಿ, ಮೊಬೈಲನ್ನು ಮೇಲೆ ಕಟ್ಟಿ ಅಲ್ಲಾಡದ ಹಾಗೆ ಮಾಡಿ, ಒಂದೊಂದೇ ಹಾಳೆ ಗೂಟಕ್ಕೆ ಹಾಕಿ ತೆಗೆಯಿರಿ. ಬೆಸ ಸಂಖ್ಯೆಯವು ಎರಡೆರಡು ಫ್ರೇಮ್. 61ರಿಂದ 68ರವರೆಗೆ ಮಾತ್ರ ಒಂದೊಂದೇ ಫ್ರೇಮ್, 69ರಿಂದ ಮತ್ತೆ ಎರಡೆರಡು. ಎಕ್ಸ್‌ಪೋಷರ್ ಶೀಟಿನ ಕಾಲಂನಲ್ಲಿ ಅಂಕಿಯ ಕೆಳಗೆ ಉದ್ದ ಗೆರೆ ಎಳೆದಿದ್ದರೆ ಅಷ್ಟು ಫ್ರೇಮ್ ಅದೇ ಚಿತ್ರ ಹಿಡಿದಿಡಬೇಕು ಅಂತ ಅರ್ಥ.

ಕೋಟೆ_ರಸ್ತೆ_ಫ್ರೇಮ್ (ಶಿವಮೊಗ್ಗ):

ಗೂಟದ ಪಟ್ಟಿ ನಮ್ಮಲ್ಲೇ ಮಾಡಿಕೊಡ್ತೀನಿ, ಫ್ರೇಮ್ ಕೆಲಸದ ಬಡಗಿ ಇದ್ದಾನೆ. ಅಸಲಿ ಹಾಳೆ ತರಬೇಡಿ, ತೂತಿನ ಅಳತೆ ಬೇರೆ ಕಾಗದದ ಮೇಲೆ ಗುರುತು ಮಾಡಿ ತನ್ನಿ. ಮಂಗಳವಾರ ಅಂಗಡಿ ರಜೆ.