ಊರಾಗ ಒಂಟಿಯಾಗಿ ಉಳಿದ ಹಿರಿಯರಿಗೆ ವಾರದ ಕೂಟ: ಹೆಂಗ ನಡೆಸೋದು, ಯಾರನ್ನ ದವಾಖಾನಿಗೆ ಕಳಿಸೋದು?

ಅರಿವು_ಕೇಂದ್ರ_ಕುಷ್ಟಗಿ

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲೂಕಿನ ಒಂದು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳೋ ಕೆಲಸ ನಂದು. ಹಿಂಗಾರಿ ಜೋಳ, ಕಡ್ಲಿ ಮನಿಗೆ ಬಂದ್ವಂದ್ರ ಓಣಿಗಟ್ಟಲೆ ಬೀಗ ಬೀಳತಾವ. ದುಡಿಯೋ ವಯಸ್ಸಿನವರೆಲ್ಲ ಬೆಂಗಳೂರು, ಮಂಗಳೂರು, ಗೋವಾ ಕಡೆ ಗುಳೆ ಹೋಗ್ತಾರ. ಉಳಿಯೋರು ಅಜ್ಜ-ಅಜ್ಜಿ. ಉಣ್ಣಾಕ ತೊಂದ್ರಿ ಇಲ್ಲ, ರೇಷನ್ ಐತಿ, ಪಿಂಚಣಿ ಐತಿ. ದಿನಕ್ಕೊಂದು ಮಾತು ಆಡಾಕ ಮನುಷ್ಯಾರಿಲ್ಲ.

ಲೈಬ್ರರಿ ಹಾಲಿನಾಗ ವಾರಕ್ಕೊಮ್ಮೆ ಎರಡು ತಾಸು ಅವರನ್ನ ಕೂಡಿಸಾಕ ಪಂಚಾಯ್ತಿಯವರು ಒಪ್ಪ್ಯಾರ. ಹದಿನೈದು ಇಪ್ಪತ್ತು ಮಂದಿ ಆಗಬಹುದು. ಆ ಎರಡು ತಾಸು ಏನು ಮಾಡಿಸಿದ್ರ ಮುಂದಿನ ವಾರ ತಾವಾಗೇ ಬರ್ತಾರ? ಬರೇ ಒಂಟಿತನ ಯಾವುದು, ಡಾಕ್ಟರಿಗೆ ತೋರಿಸೋ ಕಾಯಿಲೆ ಯಾವುದು ಅಂತ ನಮ್ಮಂಥೋರು ಹೆಂಗ ಗುರ್ತು ಹಿಡಿಯೋದು? ಊರು ಬಿಟ್ಟ ಮಕ್ಕಳಿಗೆ ಏನು ಹೇಳೋದು? ತಿಳಿದವರು ಬಿಡಿಸಿ ಹೇಳ್ರಿ.

ಕೌದಿ_ಮನಿ_ಲಿಂಗಸುಗೂರು

ಅಣ್ಣಾರ, ಬಂದ ಮಂದಿನ್ನ ಸಾಲಾಗಿ ಕುರ್ಚಿ ಮ್ಯಾಲ ಕೂಡಿಸಿ ಭಾಷಣ ಇಡಬ್ಯಾಡ್ರಿ. ಎರಡನೇ ವಾರಕ್ಕ ಅರ್ಧ ಮಂದಿ ಬರ್ತಾರ, ಮೂರನೇ ವಾರಕ್ಕ ನಾಕು ಮಂದಿ. ಬರೇ ಕೇಳಾಕ ಕುಂತೋರಿಗೆ ತಾವು ಬರದಿದ್ರೂ ನಡೀತದ ಅನ್ನೋದು ಗೊತ್ತಿರ್ತದ. ‘ನಾ ಹೋಗಲಿಲ್ಲಂದ್ರ ಕೆಲಸ ನಿಂದರ್ತದ’ ಅನ್ನಂಗಿರಬೇಕು. ಕೈಗೆ ಕೆಲಸ ಕೊಡ್ರಿ, ಅದೂ ಇಬ್ಬರಿಲ್ಲದ ಆಗದಂಥ ಕೆಲಸ.

ಹೆಣ್ಮಕ್ಕಳಿಗೆ ಕೌದಿ ಚಲೋ. ಒಂದು ದೊಡ್ಡ ಕೌದಿಗೆ ಐದಾರು ಹಳೇ ಕಾಟನ್ ಸೀರಿ ಬೇಕು. ಪಾಲಿಸ್ಟರ್ ಬ್ಯಾಡ, ಜಾರ್ತದ, ಹೊಲಿಗಿ ಹಿಡಿಯಂಗಿಲ್ಲ. ಸೀರಿ ಒಗದು ಒಣಗಿಸಿ, ಪದರ ಪದರ ಹಾಸಿ, ಮೊದ್ಲ ನಾಕು ಮೂಲಿಗೆ ಮತ್ತ ನಡುವ ದೊಡ್ಡ ದೊಡ್ಡ ಟಾಕಿ ಹಾಕಿ ಹಿಡಿಸಬೇಕು. ಅದನ್ನ ಬಿಟ್ರ ಒಳಗಿನ ಪದರ ಮುದ್ದಿಯಾಗಿ ಉಬ್ಬತದ, ಆಮ್ಯಾಲ ಬಿಚ್ಚದ ಬ್ಯಾರೆ ದಾರಿ ಇಲ್ಲ. ನಾಕು ಮಂದಿ ನಾಕು ಕಡೆ ಕುಂತು ಅಂಚಿನಿಂದ ನಡುವಿಗೆ ಹೊಲಕೋತ ಬರಬೇಕು. ಎದುರಿಗೆ ಕುಂತಾಕಿ ಬಟ್ಟಿ ಬಿಗಿ ಹಿಡದ್ರನ ಈಕಡಿಯಾಕಿ ಟಾಕಿ ನೆಟ್ಟಗ ಬೀಳ್ತಾವ. ಮಾರಿ ನೋಡದ, ಕಣ್ಣು ಬಟ್ಟಿ ಮ್ಯಾಲಿಟ್ಟು ಕುಂತಾಗ ಮನಸಿನ ಮಾತು ತಾನ ಹೊರಗ ಬರ್ತದ. ‘ನಿಮ್ಮ ಕಷ್ಟ ಹೇಳ್ರಿ’ ಅಂತ ಎದುರು ಕುಂತು ಕೇಳಿದ್ರ ಒಬ್ಬರೂ ಬಾಯಿ ಬಿಡಂಗಿಲ್ಲ. ಮೊದಲನೇ ಕೌದಿ ಯಾರ ಮನಿ ಬಾಣಂತಿಗೆ ಕೊಡಬೇಕು ಅನ್ನೋದನ್ನ ಅವರ ಮಾತಾಡಿಕೊಂಡು ತೀರ್ಮಾನ ಮಾಡ್ಲಿ. ನೀವು ನಡುವ ಹೋಗಬ್ಯಾಡ್ರಿ.

ಇಲ್ಲಿ ಕೆಟ್ಟು ಕುಂಡ್ರೋದು ಒಂದ ಕಡೆ, ಸೂಜಿಗೆ ದಾರ ಪೋಣಿಸೋದ್ರಾಗ. ಕಣ್ಣು ಕಾಣಂಗಿಲ್ಲ ಅಂತ ಯಾರೂ ಹೇಳಂಗಿಲ್ಲ. ‘ಬ್ಯಾಸರಾಗ್ಯದ, ಒಲ್ಯಾ’ ಅಂದು ಮನ್ಯಾಗ ಉಳೀತಾರ. ಹಿಂದಿನ ದಿನ ಸಾಲಿ ಹುಡುಗರ ಕಡಿಂದ ದೊಡ್ಡ ಕಣ್ಣಿನ ಇಪ್ಪತ್ತು ಸೂಜಿಗೆ ಮೊಳ ಮೊಳ ದಾರ ಪೋಣಿಸಿ ಒಂದು ಬಟ್ಟಿ ತುಂಡಿಗೆ ಚುಚ್ಚಿ ಇಟ್ಟಿರಬೇಕು. ದಾರ ಭಾಳ ಉದ್ದ ಆದ್ರ ಗಂಟು ಬೀಳ್ತದ.

ಗಂಡಸರಿಗೆ ಹಗ್ಗ ಹೊಸಿಯೋದು. ಪುಂಡಿ ನಾರು ಸಿಕ್ರ ಚಲೋ, ಇಲ್ಲಾಂದ್ರ ಹಳೇ ಸೀರಿ ಸೀಳಿದ್ರೂ ನಡೀತದ. ಆ ತುದಿಗೊಬ್ಬ, ಈ ತುದಿಗೊಬ್ಬ, ನಡುವ ಮೂರು ಎಳಿ ಕೂಡಿಸಕೋತ ಬರಾಕ ಒಬ್ಬ. ಮಾಗಿ ಮುಗಿದು ಹುಣಸಿಹಣ್ಣು ಬಂದಾಗ ಬೀಜ ಬಿಡಿಸೋ ಕೆಲಸಕ್ಕ ಗಂಡಸರು ಹೆಂಗಸರು ಕೂಡೇ ಕುಂಡ್ರತಾರ.

ಸಂತಿ ದಿನ, ಅಮಾಸಿ ಬಿಟ್ಟು ವಾರ ಗಟ್ಟಿ ಮಾಡ್ರಿ, ಮತ್ತ ಬದಲಿ ಮಾಡಬ್ಯಾಡ್ರಿ. ಬ್ಯಾಸಗ್ಯಾಗ ಮುಂಜಾನೆ ಏಳರಿಂದ ಒಂಬತ್ತು, ಆಮ್ಯಾಲ ನಮ್ಮ ಬಿಸಲಿಗೆ ಯಾರೂ ಹೊರಗ ಬರಂಗಿಲ್ಲ. ನೆಲದ ಮ್ಯಾಲ ಕುಂಡ್ರಾಕ ಆಗದೋರಿಗೆ ಕೈ ಇರೋ ಕುರ್ಚಿ ನಾಕರ ಇರಲಿ. ಚಾ ಕೊನಿಗೆ ಕೊಡಬ್ಯಾಡ್ರಿ, ಮೊದ್ಲೂ ಬ್ಯಾಡ. ಒಂದು ತಾಸಾದ ಮ್ಯಾಲ ಕೊಡ್ರಿ. ಹದಿನೈದು ಮಂದಿಗೆ ಒಂದು ಲೀಟರ್ ಹಾಲು, ಅರ್ಧ ಲೀಟರ್ ನೀರು ಸಾಕು, ಸಕ್ರಿ ಬ್ಯಾರೆ ಬಟ್ಟಲದಾಗ ಇಡ್ರಿ, ಶುಗರ್ ಇದ್ದೋರು ಇರ್ತಾರ.

ಹಾಜರಿ ನೋಡೋ ಕೆಲಸ ಅವರಿಗೇ ಒಪ್ಪಿಸ್ರಿ. ಬರದವರ ಮನಿಗೆ ಅವತ್ತ ಸಂಜಿಗೆ ಇಬ್ಬರು ಹೋಗಿ ಬಾಗಲ ಬಡೀಬೇಕು. ಉಳಿದದ್ದೆಲ್ಲ ಹೆಚ್ಚು ಕಡಿಮಿ ಆಗಲಿ, ಇದೊಂದು ತಪ್ಪಬಾರದು.

ಮನದ_ಮಾತು_ರಾಯಚೂರು

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರಿಸುತ್ತೇನೆ ಸರ್. ನಾನು ಮಾನಸಿಕ ಆರೋಗ್ಯ ಸಮಾಲೋಚಕಿ.

ಒಂಟಿತನ ಕಾಡುತ್ತಿರುವವರ ಹತ್ತಿರ ಯಾರಾದರೂ ಹೋಗಿ ಅರ್ಧ ತಾಸು ಕೂತರೆ ಮುಖ ಅರಳುತ್ತದೆ, ಮಾತು ಬರುತ್ತದೆ. ಖಿನ್ನತೆ ಇದ್ದವರಿಗೆ ಮೊಮ್ಮಗು ಬಂದು ತೊಡೆಯ ಮೇಲೆ ಕೂತರೂ ಹಾಗೆ ಆಗುವುದಿಲ್ಲ. ಆದರೆ ಇಷ್ಟನ್ನೇ ನಂಬಬೇಡಿ. ಪಿಎಚ್‌ಕ್ಯೂ-2 ಎಂಬ ಎರಡು ಪ್ರಶ್ನೆಯ ಪರೀಕ್ಷೆ ಇದೆ, ಆಶಾ ಕಾರ್ಯಕರ್ತೆಯೂ ಕೇಳಬಹುದು. ನಮ್ಮ ಮಾತಿನಲ್ಲಿ ಹೀಗೆ: ‘ಈ ಹದಿನೈದು ದಿವಸದಾಗ ಯಾವ ಕೆಲಸಕ್ಕೂ ಮನಸಿಲ್ಲ, ಯಾವುದರಾಗೂ ಖುಷಿ ಇಲ್ಲ ಅನ್ನಿಸಿದ್ದು ಎಷ್ಟು ದಿವಸ?’ ‘ಮನಸ್ಸು ಭಾರ, ಮುಂದ ದಾರಿ ಇಲ್ಲ ಅನ್ನಿಸಿದ್ದು ಎಷ್ಟು ದಿವಸ?’ ಒಂದು ದಿನವೂ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2, ಹೆಚ್ಚುಕಡಿಮೆ ದಿನಾಲೂ ಅಂದರೆ 3. ಎರಡೂ ಕೂಡಿ 3 ಅಥವಾ ಮೇಲಾದರೆ ವೈದ್ಯರಿಗೆ ತೋರಿಸಬೇಕು. ಇದರಿಂದ ಕಾಯಿಲೆ ಇದೆ ಎಂದು ಖಾತ್ರಿ ಆಗುವುದಿಲ್ಲ, ತೋರಿಸುವ ಅಗತ್ಯ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಮಂದಿ ಮುಂದೆ ಕೇಳಬೇಡಿ. ಅವರ ಮನೆಯ ಕಟ್ಟೆಯ ಮೇಲೆ ಒಬ್ಬರೇ ಇದ್ದಾಗ ಕೇಳಿ.

ನಮ್ಮ ಹಿರಿಯರು ‘ಬೇಜಾರು’ ಎಂದು ಹೇಳುವುದು ಅಪರೂಪ. ‘ತಲಿ ದಿಮ್ಮ ಅಂತದ, ಎದಿ ಡವಡವ ಅಂತದ, ಮೈಯೆಲ್ಲ ಉರಿ, ಕೈಕಾಲು ಸೇದತಾವ’ ಎಂದು ತಿಂಗಳಿಗೆ ನಾಲ್ಕು ಸಲ ಸೂಜಿ ಮಾಡಿಸಿಕೊಂಡು, ಸಲೈನ್ ಹಚ್ಚಿಸಿಕೊಂಡು ಬರುತ್ತಾರೆ. ಜೊತೆಗೆ ನಸುಕಿನ ಮೂರು ಗಂಟೆಗೆ ಎಚ್ಚರಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಬಿಡುವುದು, ಸೀರೆ ಜಂಪರು ಸಡಿಲಾಗುವಷ್ಟು ಇಳಿಯುವುದು, ಸ್ನಾನ ಬಿಡುವುದು ಕಂಡರೆ ತಡ ಮಾಡಬೇಡಿ. ಬಾಳಸಂಗಾತಿ ತೀರಿಕೊಂಡು ಎರಡು ಮೂರು ತಿಂಗಳಾದವರು ಅಳುತ್ತಾರೆ, ಅದು ಕಾಯಿಲೆಯಲ್ಲ. ಅತ್ತು ಹಗುರಾಗಲು ಬಿಡಿ.

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಕಿವಿ. ಕಿವಿ ಮಂದವಾದವರು ನಾಲ್ಕು ಸಲ ತಪ್ಪು ಉತ್ತರ ಕೊಟ್ಟು ನಗೆಗೀಡಾದ ಮೇಲೆ ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ, ಊರವರು ಅವರಿಗೆ ‘ಮರೆವು ಬಂದಿದೆ’ ಎಂದುಬಿಡುತ್ತಾರೆ. ಇದು ನನಗೆ ಬಹಳ ಸಂಕಟದ ವಿಷಯ, ಏಕೆಂದರೆ ಎಷ್ಟೋ ಸಲ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿರುತ್ತದೆ, ತಾಲೂಕು ಆಸ್ಪತ್ರೆಯಲ್ಲೇ ತೆಗೆಯುತ್ತಾರೆ. ಶ್ರವಣ ಯಂತ್ರ ಬೇಕಾದ ಬಿಪಿಎಲ್ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಾರೆ. ನಿಮ್ಮ ಹಾಲಿನಲ್ಲಿ ಸದ್ದು ಮಾಡುವ ಫ್ಯಾನ್ ಇದ್ದರೆ ಅದರ ಕೆಳಗೆ ಇವರನ್ನು ಕೂರಿಸಬೇಡಿ. ಮುಖ ಕಾಣುವ ಹಾಗೆ, ಒಂದು ಮೀಟರ್ ಒಳಗೆ ಕೂತು, ನಿಧಾನವಾಗಿ ಮಾತಾಡಿ. ಕಿವಿಯ ಹತ್ತಿರ ಕೂಗಿದರೆ ಮಾತು ಒಡೆದು ಕೇಳಿಸುತ್ತದೆ. ಕಣ್ಣಿನ ಪೊರೆ, ಥೈರಾಯ್ಡ್, ಬಿ12 ಕೊರತೆಯೂ ಮನುಷ್ಯರನ್ನು ಮಂಕು ಮಾಡುತ್ತವೆ. ರಕ್ತ ಪರೀಕ್ಷೆ ಮಾಡಿಸದೆ ಮನಸ್ಸಿನ ಕಾಯಿಲೆ ಎಂದು ತೀರ್ಮಾನಿಸಬಾರದು.

ಎರಡು ಸಂದರ್ಭಗಳಲ್ಲಿ ವಾರದ ಕೂಟಕ್ಕೆ ಕಾಯುವ ಹಾಗಿಲ್ಲ. ನಿನ್ನೆ ಮೊನ್ನೆವರೆಗೆ ಸರಿಯಿದ್ದ ಹಿರಿಯರು ಒಂದೆರಡು ದಿನದಲ್ಲೇ ಗುರುತು ತಪ್ಪಿ, ಹಗಲು ರಾತ್ರಿ ಅದಲುಬದಲಾಗಿ, ಏನೇನೋ ಮಾತಾಡತೊಡಗಿದರೆ ಅದು ದೇಹದ ತುರ್ತು. ಮೂತ್ರದ ಸೋಂಕು, ಬೇಸಿಗೆಯಲ್ಲಿ ನೀರಿನಂಶ ಕಡಿಮೆಯಾಗುವುದು, ಸೋಡಿಯಂ ಇಳಿಯುವುದು, ಶುಗರ್ ಏರುಪೇರು, ಹೊಸ ಮಾತ್ರೆ, ಏನೂ ಆಗಿರಬಹುದು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾ ದಿನ ಕಳೆದರೆ ಜೀವಕ್ಕೇ ಕುತ್ತು. ಅವತ್ತೇ ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು, ‘ಸಾಕಾಗ್ಯದ, ನಾ ಯಾರಿಗೂ ಬ್ಯಾಡಾಗೀನಿ’ ಎಂಬ ಮಾತು. ನೇರವಾಗಿ ಕೇಳಿ: ‘ಜೀವ ತಕ್ಕೋಬೇಕು ಅಂತ ಅನ್ನಿಸ್ತದೇನು?’ ಹೀಗೆ ಕೇಳಿದರೆ ಆ ವಿಚಾರ ತಲೆಗೆ ಹೋಗುತ್ತದೆ ಎಂಬ ಭಯ ಬೇಡ, ಕೇಳಿದಾಗ ಅವರಿಗೆ ಹಗುರಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಉಳಿದ ಮಾತ್ರೆಗಳು ಆ ಮನೆಯಲ್ಲಿದ್ದರೆ ಅವತ್ತೇ ಬೇರೆ ಮನೆಗೆ ಸಾಗಿಸಿ ಬೀಗ ಹಾಕಿಸಿ. ಆ ಒಂದು ಗಳಿಗೆ ದಾಟಿಸಿದರೆ ಬಹಳ ಜನ ಉಳಿಯುತ್ತಾರೆ. ಟೆಲಿ-ಮಾನಸ್ 14416ಕ್ಕೆ ಅವರ ಪಕ್ಕದಲ್ಲೇ ಕೂತು ಫೋನ್ ಹಚ್ಚಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದು, ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ತೋರಿಸುವುದೆಲ್ಲಿ ಅಂದರೆ, ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿ ಗೋಡೆಗೆ ಬರೆದು ಹಚ್ಚಿ. ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು ಎಂದು ಮೊದಲೇ ಹೇಳಿಡಿ. ಹತ್ತು ದಿನ ನುಂಗಿ ‘ಹತ್ತಲಿಲ್ಲ’ ಎಂದು ಬಿಡುವವರೇ ಹೆಚ್ಚು. ಗುಣವಾದ ಮೇಲೂ ವೈದ್ಯರು ಹೇಳುವ ತನಕ ಮುಂದುವರಿಸಬೇಕು, ತಟ್ಟನೆ ನಿಲ್ಲಿಸಬಾರದು.

‘ಇದು ದೊಡ್ಡ ಡಾಕ್ಟರರ ಕೆಲಸ, ನಮ್ಮಿಂದ ಏನಾಗುತ್ತದೆ’ ಎಂದು ಹಿಂಜರಿಯಬೇಡಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ನಮ್ಮ ಬಳ್ಳಾರಿಯ ಮಾದರಿ ಹಿಡಿದು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಕೊಡಬಹುದು ಎಂದು ತೋರಿಸಿದರು. ಗೋವಾದಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಭೇಟಿಗಳಲ್ಲಿ, ಒಂದೊಂದು ಸಲ 30-40 ನಿಮಿಷ ಮಾತಾಡಿ, ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಸುತ್ತಾ ತೀವ್ರ ಖಿನ್ನತೆಯವರನ್ನೂ ಚೇತರಿಸಿದ್ದು 2017ರಲ್ಲಿ ಪ್ರಕಟವಾಗಿದೆ. ಮೇಲೆ ಅಕ್ಕಾರು ಹೇಳಿದ ಕೌದಿಯ ದಾರಿಯೂ ಬಹುಪಾಲು ಅದೇ.

ಬಿ_ಶಿಫ್ಟ್_ತೋರಣಗಲ್ಲು

ಮೂರನೇದಕ್ಕೆ ನಾನು ಬರೀತೀನಿ ಸರ್. ಶಿಫ್ಟ್ ಕೆಲಸದ ಹುಡುಗರು ಮನೆಗೆ ಫೋನ್ ಮಾಡಲ್ಲ ಅಂತಲ್ಲ, ಹೊತ್ತಲ್ಲದ ಹೊತ್ತಿಗೆ ಮಾಡ್ತಾರೆ. ಅವ್ವ ದಿನವೆಲ್ಲ ಫೋನ್ ಮಡಿಲಲ್ಲಿಟ್ಟುಕೊಂಡು ಕಾಯ್ತಾ ಇರ್ತಾಳೆ, ಅಷ್ಟೊತ್ತಿಗೆ ಮಗ ಮಲಗಿರ್ತಾನೆ. ಎ ಶಿಫ್ಟ್ ಬೆಳಗ್ಗೆ ಆರರಿಂದ ಎರಡು, ಬಿ ಎರಡರಿಂದ ರಾತ್ರಿ ಹತ್ತು, ಸಿ ಹತ್ತರಿಂದ ಬೆಳಗ್ಗೆ ಆರು ಅಂತ ಇಟ್ಕೊಳ್ಳಿ. ಎ ವಾರ ಸಂಜೆ ಐದಕ್ಕೆ, ಬಿ ವಾರ ಬೆಳಗ್ಗೆ ಹತ್ತಕ್ಕೆ, ಸಿ ವಾರ ಸಂಜೆ ಆರಕ್ಕೆ ಅಂತ ಗೊತ್ತು ಮಾಡಿ ಕ್ಯಾಲೆಂಡರ್ ಮೇಲೆ ಆ ತಿಂಗಳ ವಾರಗಳಿಗೆ ಮೂರು ಬಣ್ಣ ಹಚ್ಚಿಸಿ. ಓದೋಕೆ ಬರದವರಿಗೂ ಬಣ್ಣ ಗೊತ್ತಾಗುತ್ತೆ. ಐದೇ ನಿಮಿಷ ಸಾಕು, ಹೊತ್ತು ತಪ್ಪಬಾರದು. ತಪ್ಪೋ ಹಾಗಿದ್ರೆ ಹಿಂದಿನ ದಿನವೇ ಹೇಳಬೇಕು.

‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಅಂತ ಕೇಳಿದ್ರೆ ‘ಹೂಂ’ ಅಂದು ಮುಗೀತು. ಅವರಿಗೆ ಗೊತ್ತಿರೋದನ್ನ ಕೇಳಿಸಿ. ಈ ಸಲ ಮಾಲದಂಡಿ ಜೋಳ ಬಿತ್ತೋದಾ ಕಡ್ಲೆನಾ, ಎಮ್ಮೆ ಮಾರೋದಾ ಇಟ್ಕೊಳ್ಳೋದಾ, ಮಗಳ ಕುಬಸಕ್ಕೆ ಯಾರ್‍ಯಾರನ್ನ ಕರೀಬೇಕು. ಕೇಳಿ, ಅವರು ಹೇಳಿದ ಹಾಗೆ ಮಾಡಬೇಕು ಕೂಡ. ಕೇಳಿ ಮಾಡದಿದ್ರೆ ಕೇಳದೇ ಇರೋದೇ ವಾಸಿ.

ಇನ್ನೊಂದು. ಪಕ್ಕದ ಮನೆಯವರ ನಂಬರ್ ಮಗನ ಹತ್ರ ಇರಲೇಬೇಕು. ವಿಡಿಯೋ ಕಾಲ್‌ನಲ್ಲಿ ಮುಖ ಕಾಣುತ್ತೆ, ಒಲೆ ಹಚ್ಚಿದ್ದಾರೋ ಇಲ್ಲವೋ ಕಾಣಲ್ಲ.

ಅರಿವು_ಕೇಂದ್ರ_ಕುಷ್ಟಗಿ

ಭಾಳ ಉಪಕಾರ ಆತ್ರಿ ಎಲ್ಲರಿಂದ. ಪ್ರಿಂಟ್ ತಗದು ಆಶಾ ಅಕ್ಕಾರಿಗೂ ಕೊಡ್ತೀನಿ. ಇನ್ನೊಂದು ಕೇಳ್ತೀನಿ. ಗಂಡ ತೀರಿಕೊಂಡ ಮ್ಯಾಲ ಹೊಸ್ತಿಲ ದಾಟದ ಅಜ್ಜಿಯರು ಇರ್ತಾರ. ‘ವಿಧವಿ ಹೆಂಗಸು ಮಂದ್ಯಾಗ ಹ್ಯಾಂಗ ಬರಲಿ’ ಅಂತಾರ. ಅಂಥೋರನ್ನ ಹೆಂಗ ಕರಕೊಂಡು ಬರೋದು?

ಕೌದಿ_ಮನಿ_ಲಿಂಗಸುಗೂರು

ಕರೀಬ್ಯಾಡ್ರಿ ಅಣ್ಣಾರ, ಕೆಲಸನ ಅಲ್ಲಿಗೆ ಹೋಗ್ಲಿ. ಅಕಿ ವಾರಿಗೆಯ ಇಬ್ಬರು ಹೆಂಗಸರು ಕೌದಿಯ ಒಂದು ತುಂಡು ತಗೊಂಡು ಅಕಿ ಪಡಸಾಲಿಗೇ ಹೋಗ್ಲಿ. ಮೊದಲನೇ ಸಲ ಇಪ್ಪತ್ತು ನಿಮಿಷ, ಅದಕಿಂತ ಹೆಚ್ಚು ಕುಂಡ್ರಬಾರದು. ಕೂಟದ ಸುದ್ದಿ ತಗೀಬಾರದು. ಏಳೋ ಮುಂದ ತುಂಡು ಅಲ್ಲೇ ಬಿಟ್ಟು ‘ಈ ಅಂಚು ನಿನ್ನ ಕೈಲೆ ಆಗ್ಲಿ, ಮುಂದಿನ ವಾರ ಒಯ್ತೀವಿ’ ಅಂದು ಬರಬೇಕು. ಅದೇ ವಾರ, ಅದೇ ಹೊತ್ತು, ಅದೇ ಇಬ್ಬರು. ಮಂದಿ ಬದಲಾದ್ರ ಮತ್ತ ಮೊದಲಿಂದ ಶುರು ಮಾಡಬೇಕಾಗ್ತದ.

ಮನದ_ಮಾತು_ರಾಯಚೂರು

ಅಕ್ಕಾರ ಮಾತಿಗೆ ಒಂದು ಸೇರಿಸುತ್ತೇನೆ. ಬಿಟ್ಟುಬಂದ ಅಂಚಿನಲ್ಲಿ ನಾಲ್ಕು ಟಾಕಿಯಾದರೂ ಬಿದ್ದಿದೆಯೋ ನೋಡಿ. ಬಿದ್ದಿದ್ದರೆ ಹೀಗೇ ಹೋಗುತ್ತಿರಿ, ತಿಂಗಳೊಪ್ಪತ್ತು ಹಿಡಿಯಲಿ. ಒಪ್ಪತ್ತಿನ ಊಟವೂ ಇಲ್ಲ, ತುಂಡು ಇಟ್ಟಲ್ಲೇ ಇದೆ ಎಂದು ಎರಡು ವಾರ ಕಂಡರೆ ಆ ಎರಡು ಪ್ರಶ್ನೆ ಕೇಳಿ, ಮೂರನೇ ವಾರಕ್ಕೆ ಬಿಡದೆ ಆಶಾ ಅವರ ಜೊತೆ ಆಸ್ಪತ್ರೆಗೆ ಕಳಿಸಿ. ಒಬ್ಬರನ್ನೇ ಹೋಗಲು ಹೇಳಬೇಡಿ, ಹೋಗುವುದಿಲ್ಲ. ಆ ಇಬ್ಬರಲ್ಲಿ ಒಬ್ಬರು ಜೊತೆಗಿರಲಿ, ಚೀಟಿಯ ಸಾಲಿನಲ್ಲಿ ನಿಲ್ಲುವುದು ಅವರ ಕೆಲಸ. ಎಷ್ಟು ದಿನದಿಂದ ನಿದ್ದೆ ಇಲ್ಲ, ಊಟ ಇಲ್ಲ, ಈಗ ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದನ್ನು ಒಂದು ಕಾಗದದ ಮೇಲೆ ಬರೆದು ಕೊಟ್ಟು ಕಳಿಸಿ. ಹಳೇ ಮಾತ್ರೆಯ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿ ಕೊಡಿ.